ಮ್ಯಾಲಿನ ಖೋಲಿಯ ಬಳ್ಳಿ

ಹಳೆ ಬಣ್ಣಕ್ಕೆ ನೀರು ಹೊಡೆದು ಕೆರೆಯುವಾಗ ಒಂದು ವಾಸನೆ ಬರುತ್ತದೆ. ಸುಣ್ಣದ್ದು, ಧೂಳಿಂದು, ಗೋಡೆಯ ಹಸಿಯದ್ದು, ಎಲ್ಲಾ ಕೂಡಿದ್ದು. ಮೊನ್ನೆ ಮ್ಯಾಲಿನ ಖೋಲಿಗೆ ಪೇಂಟರ ಬಂದಿದ್ದ. ಹೊಸ ಭಾಡೇಕರು ಬರುವವರಿದ್ದಾರೆ, ಅದಕ್ಕೆ ಬಣ್ಣ. ಆ ವಾಸನೆ ಮೆಟ್ಟಿಲು ಇಳಿದು ನನ್ನ ಅಡುಗೆಮನೆ ತನಕ ಬಂತು. ನಾನು ಬ್ಯಾಳಿ ಆರಿಸುತ್ತ ಕೂತಿದ್ದೆ. ಮೂಗಿಗೆ ಬಡಿದದ್ದೇ ತಡ, ಕೂಡಲಿಕ್ಕೆ ಆಗಲಿಲ್ಲ.

ಅಷ್ಟರಲ್ಲಿ ಪೇಂಟರ ಮ್ಯಾಲಿಂದ ಒದರಿದ, "ಆಜೀ, ವರ್ ಯಾ! ಗೋಮ ಆಹೆ, ಗೋಮ!"

ಗೋಮ ಅಂದರೆ ಮರಾಠಿಯಲ್ಲಿ ಜರಿಹುಳ. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಕಬ್ಬಿಣದ ಕಪಾಟನ್ನು ಆತ ಖೋಲಿಯ ನಡುವೆ ಎಳೆದು ಇಟ್ಟಿದ್ದ. ಕಪಾಟಿನ ಹಿಂದೆ ಎಷ್ಟೋ ವರ್ಷ ಬಣ್ಣ ಕಾಣದ ಗೋಡೆ. ಹಳೆ ಪಿಸ್ತಾ ಹಸಿರು ಇನ್ನೂ ಹಂಗೇ ಇತ್ತು. ಅದರ ಮ್ಯಾಲೆ ಕಂದು ಬಣ್ಣದ ಗೀರು ಒಂದು ನೆಲದಿಂದ ಏರಿ, ನಡುನಡುವೆ ಕಡಿದು, ಮತ್ತೆ ಹತ್ತಿ, ಮಾಳಿಗೆಯ ಮ್ಯಾಲೆ ನೀರಿನ ಟಾಕಿ ಇರುವ ಮೂಲೆ ಕಡೆ ಹೋಗಿತ್ತು. ಎರಡೂ ಬದಿಗೆ ಸಣ್ಣ ಸಣ್ಣ ಕಾಲು. ಆತ ಕೆರೆಯುವ ಪಟ್ಟಿಯನ್ನು ಚಪ್ಪಲಿ ಎತ್ತಿದ ಹಂಗ ಎತ್ತಿ ನಿಂತಿದ್ದ.

"ಹುಳ ಅಲ್ಲೋ, ಬೇರು," ಅಂದೆ, ಮರಾಠಿಯಲ್ಲೇ.

ಗೋಡೆಗೆ ಬೇರು ಎಲ್ಲಿಂದ ಬರುತ್ತದೆ ಆಜೀ ಅಂತ ಆತ ನಕ್ಕ. ನಾನು ನಗಲಿಲ್ಲ. ಕೆರೆ ಅಂದೆ. ಕೆರೆದ. ಬಣ್ಣ ಹೋಯಿತು, ಕಾಲು ಹೋಗಲಿಲ್ಲ.

ಆವತ್ತಿನಿಂದ ದಿನಕ್ಕೆ ಎಷ್ಟು ಸಲ ಆ ಮೆಟ್ಟಿಲು ಹತ್ತಿಳಿದೆನೋ. ಸೊಸಿ ಬೈಯುತ್ತಾಳೆ, "ಅತ್ತಿ, ಒಂದ್ ಕಡೆ ಕೂಡ್ರಿ, ಮಣಕಾಲು ನಮ್ಮ ತಲಿಗೆ ಬರ್ತಾವ." ಕೂಡುತ್ತೇನೆ. ಮತ್ತೆ ಏಳುತ್ತೇನೆ. ಹೇಳಿ ಮುಗಿಸಿದರೆ ಕೂಡಲಿಕ್ಕೆ ಆದೀತು ಅಂತ ಇದನ್ನು ಬರೆಯಲು ಕೂತೆ. ಮೂರನೇ ಇಯತ್ತೆ ತನಕ ಕಲಿತ ಕೈ. ಓದುವವರು ಸಂಭಾಳಿಸಿಕೊಳ್ಳಬೇಕು.

ಆ ಗುರುತು ಮ್ಯಾಲಿನಾಕಿಯ ಬಳ್ಳಿಯದು. ಓಣಿಯ ಮಂದಿ ಆಕಿಯನ್ನು ನರ್ಸಬಾಯಿ ಅಂತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಮ್ಯಾಲಿನಾಕಿ. ಹೆಸರು ಇತ್ತು, ನಾವು ಕರೆದದ್ದು ಕಡಿಮೆ.

ಪುಣೆಯ ಈ ಹಡಪಸರ ಆಗ ಭಾಳ ಶಾಂತ ಇತ್ತು ಅಂತ ಹಳಬರು ಹೇಳುತ್ತಾರೆ. ಸುಳ್ಳು. ಆಗಲೂ ಗದ್ದಲವೇ. ಈಗಿನ ಗದ್ದಲ ಬೇರೆ ತರಹದ್ದು, ಅಷ್ಟೇ. ನಮ್ಮ ಮನೆಯವರು ದಲಾಲರ ಆಡತ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹೊಟ್ಟೆ ಕಟ್ಟಿ ಕೆಳಗೆ ಎರಡು ಖೋಲಿ, ಮ್ಯಾಲೆ ಒಂದು ಖೋಲಿ ಕಟ್ಟಿಸಿದ್ದರು. ಮ್ಯಾಲಿನದು ಭಾಡಿಗೆಗೆ. ಒಂದು ಮಧ್ಯಾಹ್ನ ಏಜಂಟ ಆಕಿಯನ್ನು ಕರೆದುಕೊಂಡು ಬಂದ. ನಲವತ್ತರ ಆಸುಪಾಸಿನ ಹೆಂಗಸು, ಒಬ್ಬಾಕಿ. ಎರಡು ಚೀಲ, ಒಂದು ಬಕೀಟು. ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ, ಒಬ್ಬಾಕಿಗೆ ಕೊಡುವುದಿಲ್ಲ, ಸಂಸಾರಸ್ಥರಿಗೆ ಮಾತ್ರ. ಏಜಂಟ ಮುಖ ಸಣ್ಣದು ಮಾಡಿದ. ಆಕಿ ಮಾಡಲಿಲ್ಲ. ಇಂಥದ್ದು ಭಾಳ ಕೇಳಿದಾಕಿಯ ಹಂಗ ಬಕೀಟು ಎತ್ತಿಕೊಂಡಳು.

ಬಕೀಟಿನ ಮ್ಯಾಲೆ ನನ್ನ ಕಣ್ಣು ಬಿತ್ತು. ಒಳಗೆ ಬಣ್ಣದ ಡಬ್ಬಿ, ಡಬ್ಬಿಯಲ್ಲಿ ಮಣ್ಣು, ಮಣ್ಣಿನ ಮ್ಯಾಲೆ ಒಂದು ಬಳ್ಳಿ. ಅದನ್ನು ಸುತ್ತಿ ಸುತ್ತಿ ಸಿಂಬಿ ಮಾಡಿ, ಬ್ಯಾಂಡೇಜ್ ಪಟ್ಟಿಯಿಂದ ಕಟ್ಟಿದ್ದಳು.

ನನ್ನ ತವರು ವಿಜಾಪುರದ ಕಡೆ. ನಮ್ಮವ್ವ ಮಂದಿಯ ಎಲಿತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಸಾಲಿ ಬಿಡಿಸಿದ ಮ್ಯಾಲೆ ನಾನೂ ಹೋದೆ. ವೀಳ್ಯದೆಲಿ ಬಳ್ಳಿ ನುಗ್ಗಿಗಿಡ, ಚೊಗಚಿಗಿಡಗಳ ಮೈ ಹಿಡಿದು ಏರುತ್ತದೆ. ಗಿಣ್ಣು ಗಿಣ್ಣಿಗೆ ಬೇರು ಬಿಟ್ಟು, ಆ ಬೇರಿನಿಂದಲೇ ಗಿಡವನ್ನು ಅಪ್ಪಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಳ್ಳಿ ಇಳಿಸುವ ಕೆಲಸ ಇರುತ್ತಿತ್ತು. ಗಿಡಕ್ಕೆ ಹತ್ತಿದ ಬೇರುಗಳನ್ನು ಟರ್ ಟರ್ ಅಂತ ಬಿಡಿಸುತ್ತ ಕೆಳಗೆ ತರುವುದು, ಸಿಂಬಿ ಸುತ್ತಿ ಬುಡದ ಮಣ್ಣಲ್ಲಿ ಹೂಳುವುದು, ತುದಿಯಷ್ಟನ್ನು ಮ್ಯಾಲೆ ಬಿಟ್ಟು ಮತ್ತೆ ಕಟ್ಟುವುದು. ಇಳಿಸದೆ ಬಿಟ್ಟ ಬಳ್ಳಿ ಮುದಿಯಾಗಿ ಬಿಡುತ್ತದೆ. ಎಲಿ ಸಣ್ಣಾಗುತ್ತದೆ, ಖಾರ ಏರುತ್ತದೆ, ಪ್ಯಾಟಿಯಲ್ಲಿ ಯಾರೂ ಕೇಳುವುದಿಲ್ಲ.

ಆ ಸಿಂಬಿ ನೋಡಿ ನನ್ನ ಬಾಯಿಂದ ಕನ್ನಡ ಬಿತ್ತು. "ಎಲಿಬಳ್ಳಿ ಏನ ಅದು?"

ಆಕಿ ತಿರುಗಿದಳು. "ಅಯ್ಯೋ, ಕನ್ನಡದೋರಾ ನೀವು? ಎಲೆಬಳ್ಳಿ ಅಲ್ಲ ಆಂಟಿ, ಮನಿಪ್ಲಾಂಟು."

"ಆಂಟಿ ಅಂದರ ಖೋಲಿ ಇಲ್ಲ."

"ಮತ್ತೇನನ್ಲಿ?"

"ಅವ್ವ ಅನ್ನು."

"ಅವ್ವಾರೆ," ಅಂದಳು ಆಕಿ, ನಮ್ಮ ಕಡೆಯವರ ರಾಗ ಎಳೆದು, ಅಣಕಿಸಿದ ಹಂಗ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಖೋಲಿ ಕೊಟ್ಟೆ.

ಆಕಿ ಹಾಸನದ ಕಡೆಯಾಕಿ. ಹತ್ತಿರದ ಒಂದು ದವಾಖಾನೆಯಲ್ಲಿ ನರ್ಸು. ಪುಣೆಗೆ ಬಂದು ಎಷ್ಟೋ ವರ್ಷ ಆಗಿತ್ತು, ಆದರೆ ಒಂದು ಮನೆಯಲ್ಲಿ ಒಂದು ಕರಾರಿನ ಮ್ಯಾಲೆ ಇದ್ದದ್ದಿಲ್ಲ. ಇಲ್ಲಿ ಭಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಪೂರಾ ವರ್ಷ ಬರೆದುಕೊಟ್ಟರೆ ಭಾಡೇಕರಿಗೆ ಹಕ್ಕು ಹುಟ್ಟುತ್ತದೆ ಅಂತ ಮಾಲಕರಿಗೆ ಹೆದರಿಕೆ. ಹನ್ನೊಂದು ಮುಗಿದ ಕೂಡಲೆ ಒಬ್ಬಾಕಿ ಹೆಂಗಸಿಗೆ ಏನಾದರೊಂದು ನೆವ ಹೇಳುತ್ತಾರೆ. ಮಗ ಬರುತ್ತಾನೆ, ರಿಪೇರಿ ಅದ, ಇಂಥವು. ಆಕಿ ಬಳ್ಳಿ ಸುತ್ತಿಕೊಂಡು ಮುಂದಿನ ಓಣಿಗೆ ಹೋಗುವಾಕಿ.

ನಾನೂ ಎಲ್ಲಾ ಮಾಲಕರ ಹಂಗೇ ಕಾಯಿದೆ ಹೇಳಿದೆ. ನೀರು ಪೋಲು ಮಾಡಬಾರದು, ಗೇಟಿಗೆ ಕೀಲಿ ಹಾಕಬೇಕು, ಗೋಡೆಗೆ ಒಂದೂ ಮೊಳೆ ಹೊಡೆಯಬಾರದು.

"ಸುತ್ತಿಗೇನೇ ಇಲ್ಲ ಅವ್ವಾರೆ ನನ್ನತ್ರ. ಮೊಳೆ ಎಲ್ಲಿಂದ ಹೊಡೀಲಿ?"

ಸುತ್ತಿಗೆ ಮಾತ್ರ ಅಲ್ಲ, ಏನೂ ಇರಲಿಲ್ಲ. ಮಂಚ ಇಲ್ಲ, ಕಪಾಟು ಇಲ್ಲ. ಒಂದು ಗಾದಿ, ಒಂದು ಸ್ಟೋವು. ಎತ್ತಲಿಕ್ಕೆ ಆಗದ್ದನ್ನು ಕೊಳ್ಳುವುದಿಲ್ಲ ಅನ್ನುತ್ತಿದ್ದಳು.

ಆಕಿಯ ಕೂಡ ನನಗೆ ದಿನಾ ತಂಟೆ. ರೊಟ್ಟಿ ಕೊಟ್ಟರೆ, "ಇದೇನವ್ವಾರೆ, ರಟ್ಟು ಕೊಟ್ರಿ, ಪುಸ್ತಕಕ್ಕೆ ಹಾಕೋದಾ?" ಅನ್ನುವಾಕಿ. ಆಕಿಯ ಸಾರು ಕುಡಿದು ನಾನು, "ಜ್ವರ ಬಂದಾಗ ಕೊಡು, ಈಗ ಬ್ಯಾಡ" ಅನ್ನುತ್ತಿದ್ದೆ. "ನಿಮ್ಮ ಕನ್ನಡ ಕೇಳಿದ್ರೆ ಜಗಳ ಆಡ್ತಿದ್ದೀರಿ ಅನ್ಸುತ್ತೆ." "ಜಗಳನs ಆಡ್ಲಿಕತ್ತೀನಿ, ನಿನಗ ತಿಳೀವಲ್ದು." ನಮ್ಮ ಮನೆಯವರು ಪೇಪರಿನ ಹಿಂದೆ ನಗುತ್ತಿದ್ದರು. ಆಕಿಗೆ ಅವರು ತಂಗೀ ಅನ್ನುತ್ತಿದ್ದರು.

ಬಳ್ಳಿಯನ್ನು ಆಕಿ ಕಿಟಕಿಯ ಪರದೆ ಕೋಲಿನ ಮ್ಯಾಲೆ ಹರಿಸಿದ್ದಳು. ರಜೆಯ ದಿನ ಸ್ಟೂಲು ಹಾಕಿಕೊಂಡು, ದವಾಖಾನೆಯ ಡೊಂಕು ಕತ್ತರಿ ಹಿಡಿದು, ಗಿಣ್ಣು ಗಿಣ್ಣಿಗೆ ಏನೋ ಕತ್ತರಿಸುತ್ತಿದ್ದಳು. ಒಂದು ಸಲ ಕಸದ ಮೊರದಲ್ಲಿ ಅವನ್ನು ನೋಡಿದೆ. ಕಂದು ಬಣ್ಣದ ತುಣುಕು, ತುದಿ ಮಾತ್ರ ಎಳೆ ಹಸಿರು. ಹುಳ ಬಿದ್ದಾವೇನ ಅಂದೆ.

"ಬೇರು ಅವ್ವಾರೆ. ಗಾಳೀಲೇ ಬಿಡುತ್ತೆ ಇದು. ಬಿಟ್ರೆ ಗೋಡೆ ಹಿಡ್ಕೊಳುತ್ತೆ. ಆಮೇಲೆ ಬಿಡಿಸೋಕೆ ಹೋದ್ರೆ ಬಣ್ಣ ಕಿತ್ತು ಬರುತ್ತೆ. ಹಿಂದಿನ ಮನೆಯವ್ರು ಬಾಯಿಗೆ ಬಂದಂಗೆ ಬೈದ್ರು. ಅದಕ್ಕೇ ಮುಟ್ಟೋಕ್ ಮುಂಚೇನೇ ಕತ್ತರಿಸಿಬಿಡ್ತೀನಿ."

ಬಳ್ಳಿ ಉದ್ದ ಇತ್ತು, ಆದರೆ ಎಲಿ ಬೆರಳಿನಷ್ಟು. ದಂಟು ಬೋಳು. ಹಿಡಿಯಲಿಕ್ಕೆ ಏನೂ ಸಿಗದೆ ಜೋತುಬಿದ್ದ ಬಳ್ಳಿ ಎಲಿ ಹಿಗ್ಗಿಸುವುದಿಲ್ಲ. ಇದು ಎಲಿತೋಟದಲ್ಲಿ ಕೂಸಿಗೂ ಗೊತ್ತು. ನಾನು ಹೇಳಿದೆ. ಆಕಿ ಹೂಂ ಅಂದಳು. ಮುಂದಿನ ರಜೆಗೆ ಮತ್ತೆ ಕತ್ತರಿ.

ಒಂಬತ್ತನೇ ತಿಂಗಳಿಗೆ ಆಕಿ ಖೋಲಿಗೆ ಖೊಕ್ಕೆ ತರಲು ಶುರು ಮಾಡಿದಳು. ಔಷಧ ಅಂಗಡಿಯವು, ಖಾಲಿ ರಟ್ಟಿನ ಪೆಟ್ಟಿಗೆ. ಮ್ಯಾಲೆ ಹೋದರೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಯಾರ ಹೋಗಂದರು ನಿನಗ?"

"ಯಾರೂ ಅಂದಿಲ್ಲ."

"ಮತ್ತ?"

"ಅನ್ನೋಕ್ ಮುಂಚೆ ಕಟ್ಟಿಟ್ಕೊಂಡಿದ್ರೆ, ಅಂದಾಗ ಅಷ್ಟು ನೋವಾಗಲ್ಲ ಅವ್ವಾರೆ."

ನನಗೆ ಇಂಥ ಮಾತು ಕೇಳಲಿಕ್ಕೆ ಆಗುವುದಿಲ್ಲ. ಒಂದು ಖೊಕ್ಕೆ ಬೋರಲು ಹಾಕಿದೆ. ಚಮಚ, ತಾಟು ನೆಲದ ತುಂಬ ಉರುಳಿದವು. ನಮ್ಮ ಮನೆಯವರು ಮತ್ತೊಂದು ಕರಾರು ಮಾಡಿಸಿಕೊಂಡು ಬರುತ್ತಾರೆ, ತೆಪ್ಪಗೆ ಇರು ಅಂದೆ. ಬಳ್ಳಿಯ ಕಡೆ ಕೈ ಮಾಡಿ ಇನ್ನೊಂದು ಮಾತೂ ಅಂದೆ. "ಅದರ ಬೇರು ಕಡಿಯೂದ ಬಿಡು. ಗ್ವಾಡಿ ನಂದು. ಹಿಡೀಲಿ."

"ಬಣ್ಣ ಹೋಗುತ್ತೆ."

"ಬಣ್ಣನೂ ನಂದs."

ಹಿಂಗ ಆ ಬಳ್ಳಿ ನಮ್ಮ ಗೋಡೆ ಹತ್ತಿತು. ಆಕಿ ಅದನ್ನು ಕೋಲಿನಿಂದ ಇಳಿಸಿ, ದಂಟನ್ನು ಗೋಡೆಗೆ ತಾಗಿಸಿ, ಬ್ಯಾಂಡೇಜಿನ ಅಂಟುಪಟ್ಟಿ ಹಚ್ಚಿದಳು, ಗಾಯಕ್ಕೆ ಹಚ್ಚಿದ ಹಂಗ. ಮೊದಲು ಏನೂ ಆಗಲಿಲ್ಲ. ಮಳೆಗಾಲ ಹತ್ತಿದ ಮ್ಯಾಲೆ ನೋಡಬೇಕಿತ್ತು. ಗಿಣ್ಣಿನ ಹಿಂದೆ, ಎಲಿಯ ಎದುರು ಬದಿಗೆ, ಮೊಡವೆಯಂಥ ಒಂದು ಗುಬಟು ಏಳುತ್ತದೆ. ಬೆಳಕಿನ ಕಡೆ ಎಲಿ ಹೋದರೆ ಇದು ಕತ್ತಲಿನ ಕಡೆ, ತಂಪಿನ ಕಡೆ ಹೋಗುತ್ತದೆ. ಗೋಡೆ ಮುಟ್ಟಿತೋ, ಚಪ್ಪಟೆ ಆಗಿ, ಕೂದಲಿನಂಥ ಎಳೆ ಬಿಟ್ಟು, ಬಣ್ಣದ ಸಣ್ಣ ತೂತುಗಳೊಳಗೆ ಹೊಕ್ಕು ಕೂಡುತ್ತದೆ. ಯಾವುದೂ ಸಿಗಲಿಲ್ಲವೋ, ಮುಳ್ಳಿನ ಹಂಗ ಒಣಗಿ ಸುಮ್ಮನಾಗುತ್ತದೆ. ಅದರಿಂದ ಬಳ್ಳಿಗೆ ಏನೂ ಕೇಡಿಲ್ಲ. ನಾನು ಮೊಳೆ ಹೊಡೆಯಬೇಡ ಅಂದಿದ್ದೆ, ಬಳ್ಳಿ ತನ್ನ ಮೊಳೆ ತಾನೇ ತಂದಿತ್ತು.

ಆ ಬೇರು ಗೋಡೆಯಿಂದ ಉಣ್ಣುತ್ತದೆ ಅಂತ ನಾನು ತಿಳಿದಿದ್ದೆ. ಡಬ್ಬಿಗೆ ನೀರು ಕಡಿಮೆ ಹಾಕು, ಈಗ ಅದಕ್ಕೆ ಹಾದಿ ಸಿಕ್ಕದ ಅಂದೆ. ಆಕಿ ನನ್ನ ಮಾತು ಕೇಳಿ ನೀರು ನಿಲ್ಲಿಸಿದಳು. ಎಲಿ ಹಳದಿ ಆಗಿ ಉದುರಿದವು. ಗಿಡಕ್ಕೆ ಸಲೈನು ಹಚ್ಚಲಾ ಅವ್ವಾರೆ ಅಂತ ಆಕಿ ನನ್ನನ್ನು ಕಾಡಿದಳು. ಹಿಡಿಯುವ ಬೇರು ಬೇರೆ, ಉಣ್ಣುವ ಬೇರು ಬೇರೆ. ಗೋಡೆ ಹಿಡಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಅಲ್ಲವೇ ತೋಟದಲ್ಲಿ ಬಳ್ಳಿ ಇಳಿಸಿ ಮಣ್ಣಿಗೆ ಹಾಕುವುದು... ಕೈಯಾರೆ ಮಾಡಿದಾಕಿ ನಾನು, ಆದರೆ ಅದು ಆಗ ನೆನಪಿಗೆ ಬರಲಿಲ್ಲ. ಮಾಲಕಳಾದ ಮ್ಯಾಲೆ ಕೂಲಿಯ ಬುದ್ಧಿ ಎಲ್ಲಿ ಉಳಿಯುತ್ತದೆ.

ನೀರು ಹಾಕಿದ ಮ್ಯಾಲೆ ಮತ್ತೆ ಚಿಗಿತಿತು. ವರ್ಷ ಕಳೆಯುವುದರೊಳಗೆ ಟಾಕಿಯ ಮೂಲೆ ಮುಟ್ಟಿತು. ಆ ಮೂಲೆಯಲ್ಲಿ ಗೋಡೆ ಸದಾ ಹಸಿ, ಟಾಕಿ ಸೋರುತ್ತಿತ್ತು. ಅಲ್ಲಿ ಎಲಿ ಅಂಗೈ ಅಗಲ ಆದವು. ನೋಡಿದವರು ಬೇರೆ ಗಿಡ ಅನ್ನುತ್ತಿದ್ದರು.

ಆಕಿನೂ ಬದಲಾದಳು ಅಂತ ನನಗೆ ಅನ್ನಿಸಿತು. ಮಂಚ ಕೊಂಡಳು. ಆಮೇಲೆ ಆ ಕಬ್ಬಿಣದ ಕಪಾಟು ಕೊಂಡಳು. ಹಮಾಲರು ಏದುಸಿರು ಬಿಡುತ್ತ ಮ್ಯಾಲೆ ಏರಿಸಿದರು. ನಾನು ಕೆಳಗೆ ನಿಂತು ಮನಸ್ಸಿನಲ್ಲಿ ಅಂದುಕೊಂಡೆ, ಇದನ್ನು ಎತ್ತಿಕೊಂಡು ಇನ್ನು ಎಲ್ಲಿಗೂ ಹೋಗುವುದಿಲ್ಲ ಈಕಿ.

ಮೂರನೇ ಕರಾರಿನ ಹೊತ್ತಿಗೆ ನಮ್ಮ ಮನೆಯವರಿಗೆ ಒಂದು ವಿಚಾರ ಬಂತು. ಪ್ರತಿ ಸಲ ಸ್ಟಾಂಪು, ವಕೀಲ, ಓಡಾಟ. ಹೊರಗಿನಾಕಿ ಏನು ಆಕಿ? ಐದು ವರ್ಷದ್ದು ಒಮ್ಮೆಲೇ ಬರೆದುಬಿಡೋಣ ಅಂದರು. ಓಣಿಯ ಮಾಲಕರೆಲ್ಲ ನಗಬೇಕು ಅಂಥ ಮಾತು. ಭಾಡೇಕರಿಗೆ ಐದು ವರ್ಷ! ನಾನು ಹೂಂ ಅಂದೆ. ಆ ದಿನ ಹೋಳಿಗೆ ಮಾಡಿದ್ದೆ. ಊಟಕ್ಕೆ ಕರೆದು ಹೇಳಿದೆವು.

ಆಕಿಯ ಕೈಯಲ್ಲಿ ತುತ್ತು ಹಂಗೇ ನಿಂತಿತು.

"ಐದು ವರ್ಷನಾ?"

"ಹೌದ ತಂಗೀ, ಅರಾಮ ಇರು," ಅಂದರು ಅವರು.

ಊಟ ಮುಗಿಸಿದಳು. ತಾಟು ತೊಳೆದಳು. ಮ್ಯಾಲೆ ಹೋದಳು. ಅವತ್ತಿನಿಂದ ಮ್ಯಾಲೆ ಹೆಜ್ಜೆ ಸಪ್ಪಳ ನಿಲ್ಲಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ತಗಡಿನ ಕೆಳಗೆ ಸಿಕ್ಕ ಬೆಕ್ಕಿನ ಹಂಗ. ಏನಾಗ್ಯದ ನಿನಗ ಅಂತ ಕೇಳಿದರೆ, ಡ್ಯೂಟಿ ಜಾಸ್ತಿ ಅವ್ವಾರೆ ಅನ್ನುವಾಕಿ.

ಒಂದು ಮುಂಜಾನೆ ರಟ್ಟಿನ ಖೊಕ್ಕೆ ಮೆಟ್ಟಿಲ ಮ್ಯಾಲೆ ಕಂಡವು. ಮತ್ತೆ ಬೋರಲು ಹಾಕಲು ಹೋದೆ. ಈ ಸಲ ಆಕಿ ನನ್ನ ಕೈ ಹಿಡಿದಳು. ನರ್ಸಿನ ಕೈ, ಗಟ್ಟಿ.

"ಬೇಡಿ ಅವ್ವಾರೆ. ನಿಮ್ಮ ತಪ್ಪಲ್ಲ. ನಮ್ಮಪ್ಪ ನನ್ನ ಮದುವೆ ಮಾಡಿ ಕಳಿಸೋವಾಗ ಅಂದಿದ್ದ, ಇನ್ನು ನಿನ್ನ ಹೆಣಾನೇ ಆ ಮನೆಯಿಂದ ಹೊರಗೆ ಬರಬೇಕು ಅಂತ. ನಾನು ಕಾಲಲ್ಲಿ ನಡ್ಕೊಂಡೇ ಹೊರಗೆ ಬಂದೆ. ಅವತ್ತಿಂದ ಯಾರಾದ್ರೂ 'ಇರು' ಅಂದ್ರೆ ಎದೆ ಹೊಡ್ಕೊಳುತ್ತೆ. ಹನ್ನೊಂದು ತಿಂಗಳು ಅಂದ್ರೆ ಬಾಗಿಲು ತೆರೆದಿದೆ ಅಂತ ನಿದ್ದೆ ಬರುತ್ತೆ."

"ಅಲ್ಲs, ಐದು ವರ್ಷದ್ದ ಬರದರ ನಾವೇನ ಕೀಲಿ ಹಾಕತೀವಿ? ಬ್ಯಾಡಾದರ ಹನ್ನೊಂದರದ್ದs ಮಾಡೋಣ."

"ಈಗ ಆಗಲ್ಲ. ನೀವು ಐದು ಅಂದದ್ದು ನನ್ನ ಕಿವೀಲಿದೆ."

ಹುಚ್ಚಿ ಅಂದೆ. ಇನ್ನೂ ಏನೇನೋ ಅಂದೆ. ಮಂದಿ ಹೊರಗೆ ಹಾಕಿದರು ಅಂತ ಹೋಗುತ್ತಿದ್ದಾಕಿ, ಇಟ್ಟುಕೊಳ್ಳುತ್ತೇವೆ ಅಂದದ್ದಕ್ಕೆ ಹೊರಟಳು. ಇದನ್ನು ಯಾರಿಗೆ ಹೇಳಲಿ? ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದರು, ನಗಲಿಲ್ಲ.

ಹೋಗುವ ದಿನ ಬಳ್ಳಿ ಬಿಡಿಸಲಿಕ್ಕೆ ಸ್ಟೂಲು ತಂದಿಟ್ಟಳು. ಕೆಳಗಿನ ಒಂದು ಮೊಳ ಬಿಡಿಸಿದಳು. ಟರ್ ಟರ್ ಅಂತ ಅದೇ ಸಪ್ಪಳ, ನಮ್ಮ ತೋಟದ್ದು. ನಾನು ಬಾಗಿಲಲ್ಲಿ ನಿಂತಿದ್ದೆ. ಬಣ್ಣದ ಚಕ್ಕೆ ಉದುರಿದವು. ಆಕಿ ಚಕ್ಕೆ ನೋಡಿದಳು, ನನ್ನ ನೋಡಿದಳು. ಮ್ಯಾಲಿನದನ್ನು ಬಿಡಿಸಲಿಲ್ಲ. ಡೊಂಕು ಕತ್ತರಿಯಿಂದ ದಂಟನ್ನು ಕಡಿದು, ಡಬ್ಬಿಯ ಭಾಗವನ್ನಷ್ಟೇ ಬಕೀಟಿನಲ್ಲಿ ಇಟ್ಟುಕೊಂಡಳು. ಮಂಚ ಮಾರಿದಳು. ಕಪಾಟು ಕೆಳಗೆ ಇಳಿಸಲು ಹಮಾಲರು ಸಿಗಲಿಲ್ಲವೋ, ಆಕಿ ಹುಡುಕಲಿಲ್ಲವೋ... ಇಲ್ಲೇ ಉಳಿಯಿತು.

ಬುಡ ಕಡಿದ ಬಳ್ಳಿ ವಾರದಲ್ಲಿ ಕಸಬರಿಗೆ ಆಗುತ್ತದೆ ಅಂತ ನಾನು ಕಾದೆ. ಕೆಳಗಿನ ಎಲಿ ಬಾಡಿದವು, ಉದುರಿದವು. ಮ್ಯಾಲಿನವು ಬಾಡಲಿಲ್ಲ. ಆ ಹಸಿ ಮೂಲೆಯಲ್ಲಿ ಹಿಡಿಯುವ ಬೇರು ಉಣ್ಣುವುದನ್ನು ಕಲಿತಿತ್ತು. ಸೀಳಿನೊಳಗೆ ಕೈ ಹಾಕಿ ನೋಡಿದೆ. ಬೆಳ್ಳಗೆ, ಉದ್ದಕ್ಕೆ, ನೀರಿನಲ್ಲಿ ಬಿಟ್ಟ ಬೇರಿನ ಹಂಗ ಇಳಿದಿದ್ದವು. ಮಣ್ಣು ಇಲ್ಲ, ಡಬ್ಬಿ ಇಲ್ಲ. ಬರೀ ಸೋರುವ ಟಾಕಿ. ಆಮೇಲೆ ಬಂದ ಭಾಡೇಕರು ಇದಕ್ಕೆ ಬುಡ ಎಲ್ಲಿ ಅಂತ ಹುಡುಕುತ್ತಿದ್ದರು.

ಆಕಿ ಆಗೀಗ ಫೋನು ಮಾಡುತ್ತಿದ್ದಳು. ಒಮ್ಮೆ ಶಿವಾಜಿನಗರದ ಹತ್ತಿರ ಇದ್ದೇನೆ ಅಂದಳು, ಮತ್ತೊಮ್ಮೆ ಇನ್ನೆಲ್ಲೋ. ನಾನು ಪ್ರತಿ ಸಲ ಬೈಯುತ್ತಿದ್ದೆ, ಬಾ ಇಲ್ಲಿಗೆ ಅಂತ. ನಗುತ್ತಿದ್ದಳು. ನಮ್ಮ ಮನೆಯವರು ತೀರಿಕೊಂಡಾಗ ಬಂದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಹತ್ತಿರ ಕೂತಳು, ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದು ನನಗೆ ಹಿತ ಅನ್ನಿಸಿತು. ಏಳುವಾಗ ಕೇಳಿದಳು, "ಅದಿನ್ನೂ ಇದೆಯಾ?"

"ಹೋಗಿ ನೋಡು."

ಮ್ಯಾಲೆ ಹೋದಳು. ಭಾಡೇಕರ ಬಾಗಿಲು ಬಡಿದ ಸಪ್ಪಳ ಕೇಳಿತು. ಇಳಿದು ಬರುವಾಗ ಆಕಿಯ ಮುಖ... ಸೂತಕದ ಮನೆಯಲ್ಲಿ ನಗಬಾರದು ಅಂತ ತುಟಿ ಕಚ್ಚಿಕೊಂಡಿದ್ದಳು. "ನನಗಿಂತ ಗಟ್ಟಿ ಇದೆ ಅವ್ವಾರೆ," ಅಂದಳು. ಅದೇ ಕಡೆಯ ಸಲ ನಾನು ಆಕಿಯನ್ನು ನೋಡಿದ್ದು.

ಆಮೇಲೆ ನನ್ನ ಮಗ ಟಾಕಿ ರಿಪೇರಿ ಮಾಡಿಸಿದ. ಮನೆ ಉಳಿಯಬೇಕಾದರೆ ಸೋರುವುದು ನಿಲ್ಲಲೇಬೇಕು, ಅದಕ್ಕೆ ನಾನೇನೂ ಅಡ್ಡ ಹೇಳಲಿಲ್ಲ. ಗೋಡೆ ಒಣಗಿತು. ಆ ಬೇಸಿಗೆಯಲ್ಲಿ ಬಳ್ಳಿಯೂ ಒಣಗಿತು. ಎಳೆದು ತೆಗೆದೆ, ಹಗ್ಗದ ಹಂಗ ಬಂತು. ಮ್ಯಾಲಿನ ಗೋಡೆಗೆ ಬಣ್ಣ ಹಚ್ಚಿದರು. ಕೆಳಗಿನ ಬಿಡಿಸಿದ ಗುರುತಿನ ಮುಂದೆ ಆಕಿಯ ಕಪಾಟು ಸರಿಸಿದೆವು. ಮರೆತೆವು.

ಹೋದ ದೀಪಾವಳಿ ಆದ ಮ್ಯಾಲೆ ಒಬ್ಬ ನರ್ಸು ಸ್ಕೂಟಿಯ ಮ್ಯಾಲೆ ಬಂದಳು. ಕಾಲ ಹತ್ತಿರ ಒಂದು ಬಕೀಟು. ಮರಾಠಿಯಲ್ಲಿ ಕೇಳಿದಳು, ಅವ್ವಾರೆ ಅಂದರೆ ನೀವೇನಾ ಅಂತ. ಊರಿನ ಆ ತುದಿಗೆ, ನಿಗಡಿಯಲ್ಲಿ, ಇಬ್ಬರೂ ಒಂದೇ ಖೋಲಿಯಲ್ಲಿ ಇದ್ದರಂತೆ. ಆಕಿ ತೀರಿಕೊಂಡಳಂತೆ, ಜ್ವರ ಬಂದು, ಭಾಳ ದಿನ ಹಾಸಿಗೆ ಹಿಡಿಯದೆ. ಈ ಹುಡುಗಿ ಈಗ ಖೋಲಿ ಖಾಲಿ ಮಾಡುವಾಕಿ, ಈ ಬಕೀಟು ಇಡಲಿಕ್ಕೆ ಜಾಗ ಇಲ್ಲ, ಒಗೆಯಲಿಕ್ಕೆ ಕೈ ಬರಲಿಲ್ಲ. ಹಡಪಸರದ ಅವ್ವನ ಮಾತು ಆಕಿ ಸದಾ ಆಡುತ್ತಿದ್ದಳು, ಅದಕ್ಕೆ ಕೇಳುತ್ತ ಕೇಳುತ್ತ ಬಂದೆ ಅಂದಳು. ಆಕಿ ಏನೂ ಹೇಳಿ ಕಳಿಸಿರಲಿಲ್ಲ. ಸುಳ್ಳು ಹೇಳಬಹುದಿತ್ತು ಆ ಹುಡುಗಿ. ಹೇಳಲಿಲ್ಲ, ಒಳ್ಳೆಯದು ಮಾಡಿದಳು.

ಚಹಾ ಕುಡಿಸಿ ಕಳಿಸಿದೆ. ಬಕೀಟು ಅಂಗಳದಲ್ಲೇ ಇತ್ತು. ಒಳಗೆ ಅದೇ ಸಿಂಬಿ, ಅದೇ ಬ್ಯಾಂಡೇಜ್ ಪಟ್ಟಿ. ಬಿಚ್ಚಿದೆ.

ದಂಟಿನ ಬೇರು ಕತ್ತರಿಸಿರಲಿಲ್ಲ. ಡಬ್ಬಿಯ ಹತ್ತಿರದ ಗಿಣ್ಣುಗಳಲ್ಲಿ ಹಳೆ ಬೇರು, ಒಣಗಿದ್ದು, ಚಪ್ಪಟೆ. ಅದಕ್ಕೆ ಏನೋ ಅಂಟಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಪಿಸ್ತಾ ಹಸಿರು, ಉಗುರಿನ ಚೂರಿನಷ್ಟು. ನಮ್ಮ ಗೋಡೆಯ ಬಣ್ಣ. ಅದರ ಮುಂದಿನ ಗಿಣ್ಣುಗಳಿಗೆ ನೀಲಿ ಚಕ್ಕೆ. ಅಲ್ಲಿಂದ ಮುಂದೆ ಹಳದಿ. ಆಮೇಲೆ ಬರೀ ಸುಣ್ಣ. ಆಮೇಲೆ ಗುಲಾಬಿ... ತುದಿಯ ತನಕ ಹಿಂಗೇ. ಒಂದೊಂದು ಬಣ್ಣ ಒಂದೊಂದು ಮನೆ. ನಮ್ಮ ಮನೆಯಿಂದ ಮುಂದೆ ಆಕಿ ಎಲ್ಲಿ ಹೋದರೂ ಬಳ್ಳಿಗೆ ಗೋಡೆ ಹಿಡಿಯಲು ಬಿಟ್ಟಿದ್ದಳು. ಹೋಗುವಾಗ ಬಿಡಿಸಿದ್ದಳು. ಬಣ್ಣ ಕಿತ್ತು ಬಂದಿತ್ತು. ಮಾಲಕರು ಬಾಯಿಗೆ ಬಂದ ಹಂಗ ಬೈದಿರುತ್ತಾರೆ. ಬೈಸಿಕೊಂಡಿದ್ದಳು.

ನಮ್ಮ ಹಸಿರಿಗಿಂತ ಕೆಳಗೆ, ಬುಡದಲ್ಲಿ, ಬರೀ ಕತ್ತರಿಯ ಗಾಯ.

ನಾನು ಅಂಗಳದಲ್ಲಿ ಎಷ್ಟು ಹೊತ್ತು ಕೂತೆನೋ. ಅಳ್ಲಿಕತ್ತೀರೇನ್ರಿ ಅಂತ ಸೊಸಿ ಕೇಳಿದಳು. ಅಳಲಿಲ್ಲ. ಸಿಟ್ಟು ಬಂದಿತ್ತು. ಹಿಡಿಯುವುದನ್ನು ಇಲ್ಲಿ ಕಲಿತೆ, ಇಲ್ಲೇ ಹಿಡಿದುಕೊಂಡು ಇದ್ದರೆ ಏನಾಗುತ್ತಿತ್ತು ನಿನಗೆ? ಜ್ವರ ಬಂದಾಗ ಸಾರು ಮಾಡಿ ಕೊಡುತ್ತಿರಲಿಲ್ಲವೇ ನಾನು, ನಿನ್ನದೇ ನೀರು ಸಾರು? ಅಲ್ಲಿಂದ ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದೂ ಕೇಳುತ್ತೇನೆ, ಇವತ್ತಿಗೂ. ಎಲಿತೋಟದ ಬುದ್ಧಿ ಇನ್ನೊಂದು ಹೇಳುತ್ತದೆ. ಕೆಲವು ಬಳ್ಳಿ ವರ್ಷಕ್ಕೊಮ್ಮೆ ಇಳಿದರೇನೇ ಉಳಿಯುತ್ತಾವ, ನಿನ್ನ ಕೈಯಿಂದಲೇ ಇಳಿಸಿದ್ದಿ, ಮರೆತಿ ಏನ ಅಂತ. ಎರಡೂ ಖರೆ. ಎರಡರ ನಡುವೆ ನಾನು ಮೆಟ್ಟಿಲು ಹತ್ತಿಳಿಯುತ್ತೇನೆ.

ಪೇಂಟರ ಪುಟ್ಟಿ ಹಚ್ಚಿದ. ಒಣಗಿದ ಮ್ಯಾಲೆ ಕಂದು ಕಾಲು ಮತ್ತೆ ಮೂಡಿದವು. ಇನ್ನೊಂದು ಕೈ ಹೊಡೆಯಲಾ ಅಂದ. ಹೊಡಿ ಅಂದೆ. ಈಗ ಗೋಡೆ ಬೆಳ್ಳಗೆ ಅದ. ಏನೂ ಕಾಣುವುದಿಲ್ಲ.

ಆ ಡಬ್ಬಿಯನ್ನು ಮ್ಯಾಲಿನ ಕಿಟಕಿಯಲ್ಲೇ ಇಟ್ಟಿದ್ದೇನೆ. ನಿನ್ನೆ ಖೋಲಿ ನೋಡಲು ಇಬ್ಬರು ಬಂದಿದ್ದರು. ಬೆಂಗಳೂರು ಕಡೆಯ ಹುಡುಗಿಯರು, ಕಂಪ್ಯೂಟರ್ ಆಫೀಸಿನವರು. ಅದರಲ್ಲಿ ಒಬ್ಬಾಕಿ ಬಳ್ಳಿ ಮುಟ್ಟಿ ನೋಡಿದಳು.

"ಆಂಟಿ, ಇದು ವಾಲ್‌ಗೆ ಅಂಟ್ಕೊಂಡ್ರೆ ಪೇಂಟ್ ಹಾಳಾಗಲ್ವಾ?"

"ಮೊದಲ ಆಂಟಿ ಅನ್ನೂದ ಬಿಡು. ಅಂಟ್ಕೋತದ. ಹಾಳಾಗತದ."

"ಮತ್ತೆ ನಾವು ಖಾಲಿ ಮಾಡೋವಾಗ?"

"ಕಿತ್ತಿ ಸಂಗಾಟ ಒಯ್ರಿ. ಬಣ್ಣ ಬಂದರ ಬರ್ಲಿ. ಮೊಳಿ ಮಾತ್ರ ಹೊಡಿಬ್ಯಾಡ್ರಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಕರಾರು ಹನ್ನೊಂದು ತಿಂಗಳಿಗೇ ಬರೆಸುತ್ತೇನೆ, ಒಂದು ದಿನ ಹೆಚ್ಚಿಲ್ಲ.

ಸೊಸಿ ಅನ್ನುತ್ತಾಳೆ, ಹೋದಾಕಿ ಹಿಂಗಾದರೂ ಮನೆಗೆ ಬಂದಳಲ್ಲ ಅತ್ತಿ ಅಂತ. ನಾನು ಒಪ್ಪುವುದಿಲ್ಲ. ಬಂದದ್ದು ಬಳ್ಳಿ. ನೀರು ಹಾಕಿದರೆ ಕುಡಿಯುತ್ತದೆ, ಗೋಡೆ ಕಂಡರೆ ಹಿಡಿಯುತ್ತದೆ. ನನ್ನ ರೊಟ್ಟಿಗೆ ರಟ್ಟು ಅನ್ನುವುದಿಲ್ಲ.